ಕಾಣದ ಹೊಲಿಗೆ, ನೀಲಿ ಗಂಟು

ನನಗೀಗ ಮೂವತ್ತಾರು ವರ್ಷ, ಮತ್ತು ನಾನು ನಿವೃತ್ತಳು. ಈ ಎರಡು ಮಾತು ಒಂದೇ ವಾಕ್ಯದಲ್ಲಿ ಹೊಂದುವುದಿಲ್ಲ ಎನ್ನುವವರು ಮೊದಲು ನಿವೃತ್ತಿ ಎಂದರೆ ಏನೆಂದು ಹೇಳಲಿ. ವಯಸ್ಸೇ? ಹಾಗಾದರೆ ಎಪ್ಪತ್ತು ದಾಟಿಯೂ ಕತ್ತರಿ ಹಿಡಿಯುವ ಡಾಕ್ಟರುಗಳು ಚೆನ್ನೈಯಲ್ಲಿ ಬೇಕಾದಷ್ಟಿದ್ದಾರೆ. ಹಾರ ಹಾಕಿ, ಶಾಲು ಹೊದಿಸಿ ಮನೆಗೆ ಕಳಿಸುವುದೇ? ನನಗೆ ಯಾರೂ ಹೊದಿಸಲಿಲ್ಲ. ಶಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದರಲ್ಲಿ ನನ್ನದೊಂದು ತಕರಾರಿದೆ. ನನ್ನ ಪ್ರಕಾರ ನಿವೃತ್ತಿ ಎಂದರೆ ನಿನ್ನೆಯವರೆಗೆ ನಾನು ಮಾಡುತ್ತಿದ್ದ ಕೆಲಸವನ್ನು ಇವತ್ತು ಇನ್ನೊಬ್ಬ ಮಾಡುವುದು, ನಾನು ಪಕ್ಕದಲ್ಲಿ ನಿಂತು ನೋಡುವುದು. ಈ ವ್ಯಾಖ್ಯಾನ ಒಪ್ಪಿದರೆ ಮುಂದೆ ಓದಿ.

ಕೀಲ್ಪಾಕಿನ ಒಂದು ಸಾಕುಪ್ರಾಣಿಗಳ ಆಸ್ಪತ್ರೆಯಲ್ಲಿ ನಾನು ಹನ್ನೊಂದು ವರ್ಷ ಶಸ್ತ್ರಚಿಕಿತ್ಸೆ ಮಾಡಿದೆ. ಅಪ್ಪ ಹಾಸನದ ಕಡೆಯವರು, ರೈಲ್ವೆ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ನಾನು ಹುಟ್ಟಿ ಓದಿದ್ದೆಲ್ಲ ಇಲ್ಲಿ. ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಎರಡರಲ್ಲೂ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವಳು. ಎದುರಿನವರು ಬಾಯಿ ತೆರೆಯುವ ಮೊದಲೇ ಅವರ ವಾದ ಎಲ್ಲಿ ಕುಸಿಯುತ್ತದೆ ಎಂದು ನನಗೆ ಗೊತ್ತಾಗುತ್ತಿತ್ತು. ಈ ಗುಣ ವಾದಕ್ಕೆ ಒಳ್ಳೆಯದು. ಗಾಯಕ್ಕೆ ಅಷ್ಟೇನೂ ಒಳ್ಳೆಯದಲ್ಲ.

ಪಶುವೈದ್ಯ ಪದವಿ ಮುಗಿಸಿ ಈ ಊರಿನ ಕ್ಲಿನಿಕ್ಕುಗಳಿಗೆ ಬರುತ್ತಿರುವ ನಿಮಗೆ ಕಾಲೇಜಿನಲ್ಲಿ ಗರ್ಭಕೋಶ ತೆಗೆಯುವುದು, ಬೀಜ ತೆಗೆಯುವುದು, ಗಡ್ಡೆ, ಮೂತ್ರಕೋಶದ ಕಲ್ಲು ಎಲ್ಲ ಹೇಳಿಕೊಟ್ಟಿರುತ್ತಾರೆ. ಪಕ್ಕದ ಟೇಬಲ್ಲಿನಲ್ಲಿ ನಿಂತವನ ನಾಯಿ ನಿಮ್ಮ ನಾಯಿಗಿಂತ ಚೆನ್ನಾಗಿ ಚೇತರಿಸಿಕೊಂಡಾಗ ಏನು ಮಾಡಬೇಕು ಎಂದು ಹೇಳಿಕೊಟ್ಟಿರುವುದಿಲ್ಲ. ನನಗೂ ಗೊತ್ತಿಲ್ಲ. ಏನಾಗುತ್ತದೆ ಎಂಬುದಷ್ಟನ್ನು ಹೇಳಬಲ್ಲೆ.

ಪಕ್ಕದಲ್ಲಿ ನಿಂತವನು ಸಿದ್ದರಾಜು. ಚಾಮರಾಜನಗರದ ಕಡೆಯವನು. ನಾನು ಸೇರಿದ ಮರುವರ್ಷವೇ ಬಂದ. ನನಗಿಂತ ಕೆಲವೇ ತಿಂಗಳು ಚಿಕ್ಕವನು, ಆದರೂ ಬಂದ ದಿನವೇ ಅಕ್ಕಾ ಎಂದು ಶುರುಮಾಡಿದ. ಡಾಕ್ಟರ್ ವಿನುತಾ ಎಂದು ಕರೆ ಎಂದರೆ ಸರಿ ಡಾಕ್ಟ್ರಕ್ಕಾ ಎಂದ. ಅವನ ತಮಿಳು ಹೇಗಿತ್ತೆಂದರೆ ಕನ್ನಡದ ಮಾತಿನ ಬಾಲಕ್ಕೆ ಒಂದು ‘ಉಂ’ ಅಂಟಿಸಿದರೆ ತಮಿಳಾಯಿತು ಎಂದು ನಂಬಿದ್ದ. ಜನ ನಗುತ್ತಿದ್ದರು. ಅವನೂ ನಗುತ್ತಿದ್ದ. ನಾಯಿಯ ಜೊತೆ ನೆಲದ ಮೇಲೆ ಕೂತು ಅದರ ಮನೆಯವರ ಹತ್ತಿರ ಹರಟುತ್ತಿದ್ದ, ಯಾರಾದರೂ ತಂದ ಮುರುಕ್ಕು ತಿನ್ನುತ್ತಿದ್ದ, ನನ್ನ ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನೂ ಕೇಳದೆ ತಿನ್ನುತ್ತಿದ್ದ. ನನ್ನ ಶುದ್ಧ ತಮಿಳಿಗೆ ಯಾರೂ ಮುರುಕ್ಕು ತರಲಿಲ್ಲ.

ಆಸ್ಪತ್ರೆಯ ಯಜಮಾನರು ವೇದಾಚಲಂ ಸಾರ್. ಹೆಚ್ಚು ಮಾತಿಲ್ಲದ, ಕಣ್ಣಿನಲ್ಲೇ ಬೈಯುವ ಮನುಷ್ಯ. ಆ ಕಣ್ಣು ಮಂಜಾಗುತ್ತಿತ್ತು. ಒಳಗಿನ ಕೋಣೆಯ ದೊಡ್ಡ ಟೇಬಲ್ಲಿನಲ್ಲಿ ಕಷ್ಟದ ಆಪರೇಷನ್‌ಗಳನ್ನೆಲ್ಲ ಅವರೇ ಮಾಡುತ್ತಿದ್ದರು. ಒಂದು ದಿನ ನಮ್ಮಿಬ್ಬರನ್ನೂ ಕರೆದು, ಈ ಟೇಬಲ್ ಇನ್ನು ಸ್ವಲ್ಪ ಕಾಲದಲ್ಲಿ ನಿಮ್ಮಿಬ್ಬರಲ್ಲಿ ಒಬ್ಬರಿಗೆ, ಯಾರಿಗೆ ಎಂದು ನೋಡುತ್ತಿದ್ದೇನೆ ಎಂದರು. ಆವತ್ತಿನಿಂದ ನನಗೆ ಬೇಕಾಗಿದ್ದದ್ದು ಅದೊಂದೇ. ಅದು ನನ್ನದೇ ಎಂಬುದರಲ್ಲಿ ನನಗೆ ಅನುಮಾನವೂ ಇರಲಿಲ್ಲ. ಹಾಗಿದ್ದರೂ ಸಿದ್ದರಾಜು ಆ ಕೋಣೆಗೆ ಹೋದಾಗಲೆಲ್ಲ ನನ್ನ ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು.

ಮೊದಲು ಉಪವಾಸದ ಪ್ರಸಂಗ. ಆಪರೇಷನ್‌ಗೆ ಮುಂಚೆ ನಾಯಿಯ ಹೊಟ್ಟೆ ಖಾಲಿ ಇರಬೇಕು, ಇಲ್ಲವಾದರೆ ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂಬುದು ನಿಮಗೆ ಗೊತ್ತು. ಸರೋಜಮ್ಮ ಎಂಬುವರು, ಮಗ ಬ್ಯಾಂಕಿನಲ್ಲಿ, ಮೈಸೂರಿನಿಂದ ಆಗಷ್ಟೇ ಬಂದವರು, ತಮ್ಮ ಚಿನ್ನು ಎಂಬ ಪಮೇರಿಯನ್‌ಗೆ ಗರ್ಭಕೋಶ ತೆಗೆಸಲು ಬಂದರು. ಕನ್ನಡದವರು ಸಿಕ್ಕಿದ ಖುಷಿಯಲ್ಲಿ, ನಾಳೆ ಬೆಳಗ್ಗೆ ಉಪವಾಸ ಕರೆದುಕೊಂಡು ಬನ್ನಿ ಎಂದೆ. ಮರುದಿನ ಮೊದಲ ಇಂಜೆಕ್ಷನ್ ಕೊಡುತ್ತಿದ್ದಂತೆ ಚಿನ್ನು ಕಕ್ಕಿತು. ಬಾಳೆಹಣ್ಣು, ಹಾಲು, ಅವಲಕ್ಕಿ.

“ಉಪವಾಸ ಅಂದ್ರಲ್ಲ ಡಾಕ್ಟ್ರೇ,” ಎಂದರು ಸರೋಜಮ್ಮ, ತಪ್ಪು ನನ್ನದೇ ಎನ್ನುವ ಹಾಗೆ. “ಒಂದಗುಳು ಅನ್ನ ಮುಟ್ಟಿಸಿಲ್ಲ. ಏಕಾದಶಿಗೆ ನಾನ್ ಏನು ತಗೋತೀನೋ ಅಷ್ಟೇ ಕೊಟ್ಟಿರೋದು.”

ಉಪವಾಸ ಎಂಬ ಪದದ ಅರ್ಥ, ಫಲಾಹಾರವೂ ಆಹಾರವೇ ಎಂಬ ತರ್ಕ, ನಾಯಿಗೆ ಏಕಾದಶಿ ಇಲ್ಲ ಎಂಬ ಅಂಶ, ಮೂರನ್ನೂ ನಾನು ಕ್ರಮವಾಗಿ ಮಂಡಿಸಿದೆ. ಅವರ ಮುಖ ಬಿಗಿಯುತ್ತಾ ಹೋಯಿತು. ಇನ್ನೇನು ಬೇರೆ ಆಸ್ಪತ್ರೆಗೆ ಹೊರಡುವವರಿದ್ದರು. ಬಾಗಿಲಿಗೆ ಒರಗಿ ನಿಂತಿದ್ದ ಸಿದ್ದರಾಜು ನಡುವೆ ಬಾಯಿ ಹಾಕಿದ.

“ಅಜ್ಜಿ, ನಾಳಕ ಗ್ರಹಣ ಹಿಡ್ದದ ಅನ್ಕಳಿ. ಬುಡೋಗಂಟ ಬಾಯ್ಗೇನೂ ಹಾಕಂಗಿಲ್ಲ.”

“ಹಾಗ್ ಹೇಳಪ್ಪ,” ಎಂದರು ಸರೋಜಮ್ಮ. ಮರುದಿನ ಚಿನ್ನು ಬರೀ ಹೊಟ್ಟೆಯಲ್ಲಿ ಬಂತು. ಪುಣ್ಯಕ್ಕೆ ಕಿವಿಯಲ್ಲಿ ದರ್ಭೆ ಸಿಕ್ಕಿಸಿರಲಿಲ್ಲ. ಅಂದಿನಿಂದ ಆಸ್ಪತ್ರೆಯಲ್ಲಿ ಎಲ್ಲರಿಗೂ ಗ್ರಹಣವೇ. ತಮಿಳಿನವರಿಗೂ ಗಿರಹಣಂ ಎಂದರೆ ಸಾಕು, ವಿವರಿಸಬೇಕಾಗಿಲ್ಲ. ಹುಟ್ಟಿದಾಗಿನಿಂದ ಎರಡು ಭಾಷೆಗಳ ನಡುವೆ ಬದುಕಿದವಳು ನಾನು, ಪದ ಹೊಳೆದದ್ದು ಅವನಿಗೆ. ಆ ದಿನ ಡಬ್ಬಿಯನ್ನು ಅವನಿಗೆ ಸಿಗದ ಹಾಗೆ ಔಷಧಿಯ ಫ್ರಿಜ್ಜಿನ ಮೇಲಿಟ್ಟೆ. ಅವನು ಸ್ಟೂಲು ಹತ್ತಿ ತೆಗೆದುಕೊಂಡ.

ಇನ್ನು ಹೊಲಿಗೆ. ನನ್ನ ವಾದದ ತಿರುಳು ಇಲ್ಲೇ ಇದೆ, ಗಮನವಿಟ್ಟು ಓದಿ. ನಾನು ಚರ್ಮದ ಒಳಪದರದಲ್ಲೇ ಓಡುವ, ತಾನಾಗಿ ಕರಗುವ ದಾರದ ಹೊಲಿಗೆ ಹಾಕುತ್ತಿದ್ದೆ. ಮೇಲೆ ಗಂಟಿಲ್ಲ, ಬಾಲವಿಲ್ಲ, ಬಿಚ್ಚುವ ಕೆಲಸವಿಲ್ಲ. ಕೂದಲು ತೆಗೆದ ಹೊಟ್ಟೆಯ ಮೇಲೆ ಪೆನ್ಸಿಲಿನಿಂದ ಎಳೆದಂಥ ಒಂದು ಗೆರೆ, ಅಷ್ಟೇ. ನಾನು ಕಲಿಯುವಾಗ ಇದನ್ನು ಮಾಡುವವರು ಕಡಿಮೆ, ಈಗ ನಿಮಗೆಲ್ಲ ಕಲಿಸುತ್ತಾರೆ. ಸಿದ್ದರಾಜು ಹಳೆಯ ಪದ್ಧತಿಯವನು. ನೀಲಿ ನೈಲಾನ್ ದಾರ, ಒಂದೊಂದೇ ಗಂಟು, ಎರಡು ಕಡೆ ಮೀಸೆಯ ಹಾಗೆ ಚಾಚಿದ ತುದಿ. ಅವನು ಹೊಲಿದ ಹೊಟ್ಟೆ ಮುಳ್ಳುತಂತಿ ಹಾಕಿದ ಸೈಟಿನ ಹಾಗೆ ಕಾಣುತ್ತಿತ್ತು.

ಒಂದು ಲ್ಯಾಬ್ರಡಾರ್‌ಗೆ ನಾನು ಗರ್ಭಕೋಶ ತೆಗೆದೆ. ಮನೆಯವರು ಗೆರೆಯ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದರು, ಆಪರೇಷನ್ ಆದ ಹಾಗೇ ಇಲ್ಲ ಎಂದು ನನ್ನನ್ನು ಹೊಗಳಿದರು. ಆದ ಹಾಗೇ ಇಲ್ಲ ಎಂದುಕೊಂಡು, ಗಾಯ ನೆಕ್ಕದಂತೆ ಕೊರಳಿಗೆ ಹಾಕಿದ್ದ ಕೋನ್ ಬಿಚ್ಚಿದರು, ಸೋಫಾ ಹತ್ತಲು ಬಿಟ್ಟರು, ಚೆನ್ನೈ ಸೆಖೆ ನೋಡಿ ಸ್ನಾನವನ್ನೂ ಮಾಡಿಸಿದರು. ಒಳಗಿನ ಮಾಂಸದ ಪದರದ ಹೊಲಿಗೆ ಬಿಚ್ಚಿಕೊಂಡಿತು. ಹೊಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಇಟ್ಟುಕೊಂಡು ನಾಯಿ ವಾಪಸ್ಸು ಬಂತು, ನಾನು ಮತ್ತೆ ತೆರೆದು ಮತ್ತೆ ಹೊಲಿದೆ. ಅದೇ ವಾರ ಎಣ್ಣೂರಿನಿಂದ ಮೀನು ಮಾರುವ ಒಬ್ಬ ಹೆಂಗಸು ಗರ್ಭಕೋಶದಲ್ಲಿ ಕೀವು ತುಂಬಿದ್ದ ಬೀದಿನಾಯಿಯೊಂದನ್ನು ಆಟೋದಲ್ಲಿ ತಂದಿದ್ದಳು. ಸಿದ್ದರಾಜು ಅದನ್ನು ಮಾಡಿದ. ಬದುಕುವುದೇ ಅನುಮಾನ ಎನ್ನುವಂಥ ನಾಯಿ. ಆಕೆ ಆ ನೀಲಿ ಗಂಟುಗಳನ್ನು ನೋಡಿ, ಬಲೆಗೆ ತೇಪೆ ಹಾಕಿದ ಹಾಗಿದೆ, ಇದನ್ನು ಎಳೆದಾಡಿದರೆ ಉಳಿಯುವುದಿಲ್ಲ ಎಂದು, ನಾಯಿಯನ್ನು ನೆರಳಿನಲ್ಲಿ ಕಟ್ಟಿಹಾಕಿ, ಯಾರೂ ಹತ್ತಿರ ಸುಳಿಯದ ಹಾಗೆ ಕಾದಳು. ಒಂದು ಹನಿ ಸೋರದೆ ಗಾಯ ಕೂಡಿತು.

ನಾನು ವೇದಾಚಲಂ ಸಾರ್ ಹತ್ತಿರ ಹೋದೆ. ಮನೆಯವರ ಅಜಾಗರೂಕತೆಗೆ ಡಾಕ್ಟರು ಹೊಣೆಯಲ್ಲ, ಇದು ನನ್ನ ಕೈಕೆಲಸಕ್ಕೆ ಅಳತೆಗೋಲಾಗಬಾರದು ಎಂದು ವಾದಿಸಿದೆ. ಅವರು ಕನ್ನಡಕ ಒರೆಸಿಕೊಂಡು, ನೀನು ಹೇಳುವುದರಲ್ಲಿ ಒಂದೂ ತಪ್ಪಿಲ್ಲ ಎಂದರು. ಮುಂದೆ ಏನೋ ಹೇಳುತ್ತಾರೆ ಎಂದು ಕಾದೆ. ಅವರು ಕನ್ನಡಕ ಹಾಕಿಕೊಂಡರು.

ಈಗ ಪುಲಿಯ ಕಥೆ. ತಮಿಳಿನಲ್ಲಿ ಪುಲಿ ಎಂದರೆ ಹುಲಿ. ಈ ಪುಲಿ ತೊಡೆಯ ಮೇಲೆ ಹಿಡಿಸುವಷ್ಟು ಪುಟ್ಟ ಬಿಳಿ ಹೆಣ್ಣುನಾಯಿ, ವಯಸ್ಸಾಗಿತ್ತು. ತಂದವರು ತಿರುವೊಟ್ಟಿಯೂರಿನ ಮಾಸಿಲಾಮಣಿ ಅಯ್ಯಾ, ನಿವೃತ್ತ ತಮಿಳು ಮೇಷ್ಟರು. ಹೆಂಡತಿ ತೀರಿಕೊಂಡ ಮೇಲೆ ಅವರ ಜೊತೆಗಿದ್ದದ್ದು ಪುಲಿಯೊಂದೇ. ಮೊಲೆಗಳ ಸಾಲಿನಲ್ಲಿ ಗಡ್ಡೆಗಳು. ಇಡೀ ಸಾಲನ್ನೇ ತೆಗೆಯಬೇಕು, ಎದೆಯಿಂದ ತೊಡೆಯ ಸಂದಿನವರೆಗೆ ಸೀಳು. ಸಾರ್ ಅದನ್ನು ನನಗೆ ಕೊಟ್ಟರು. ಕೊಡುತ್ತಾ, ಇದನ್ನು ದೊಡ್ಡ ಟೇಬಲ್ಲಿನಲ್ಲೇ ಮಾಡು ಎಂದರು. ಅದರ ಅರ್ಥ ನನಗೂ ಗೊತ್ತಿತ್ತು, ಸಿದ್ದರಾಜುವಿಗೂ ಗೊತ್ತಿತ್ತು. ನಾನು ಅಷ್ಟು ಉದ್ದದ ಹೊಲಿಗೆಯನ್ನು ಅಷ್ಟು ಚೆನ್ನಾಗಿ ಮತ್ತೆಂದೂ ಹಾಕಲಿಲ್ಲ. ಇದರ ಬಗ್ಗೆ ವಿನಯ ತೋರಿಸುವ ಉದ್ದೇಶ ನನಗಿಲ್ಲ.

ಪುಲಿಯನ್ನು ಮನೆಗೆ ಕಳಿಸುವ ಹೊತ್ತಿಗೆ ನಾನು ಇನ್ನೊಂದು ಕೇಸಿನಲ್ಲಿದ್ದೆ, ಸಿದ್ದರಾಜು ಹೊರಗಿದ್ದ. ಮೇಷ್ಟರು ಅವನನ್ನು, ನಮ್ಮ ಪುಲಿ ಹೇಗಿದೆ ತಂಬಿ ಎಂದು ಕೇಳಿದರಂತೆ. ಗಾಯ ಬೇಗ ಮಾಯುತ್ತದೆ, ಚಿಂತೆ ಮಾಡಬೇಡಿ ಎಂದು ಧೈರ್ಯ ಹೇಳಬೇಕಿತ್ತು ಇವನಿಗೆ. ಗಾಯ ಎಂಬುದಕ್ಕೆ ತಮಿಳು ಪದ ತಕ್ಷಣ ನೆನಪಾಗಲಿಲ್ಲ, ಅದನ್ನು ಬಿಟ್ಟ. ಉಳಿದದ್ದಕ್ಕೆ ವಾಡಿಕೆಯ ಬಾಲ ಅಂಟಿಸಿದ.

“ಕವಲೈ ಪಡಾದೀಂಗ ಅಯ್ಯಾ. ಸೀಕ್ರಮೇ ಮಾಯುಂ.”

ನಮಗೆ ಮಾಯುವುದು ಎಂದರೆ ವಾಸಿಯಾಗುವುದು. ತಮಿಳಿನಲ್ಲಿ ಮಾಯುವುದು ಎಂದರೆ ಸಾಯುವುದು. ಬೀದಿಯ ತಮಿಳಲ್ಲ ಅದು, ಗ್ರಂಥಗಳ ತಮಿಳು. ತರಕಾರಿಯವನಿಗೆ ಹೇಳಿದ್ದರೆ ಅವನು ಮುಖ ನೋಡಿ ಸುಮ್ಮನಾಗುತ್ತಿದ್ದ. ಇವನು ಹೇಳಿದ್ದು ಜೀವನಪೂರ್ತಿ ಹಳೆಯ ತಮಿಳು ಪಾಠ ಮಾಡಿದ ಮೇಷ್ಟರಿಗೆ. ಅವರಿಗೆ ಕೇಳಿಸಿದ್ದು: ಚಿಂತಿಸಬೇಡಿ ಅಯ್ಯಾ, ಬೇಗನೇ ಸಾಯುತ್ತದೆ.

ಅವರು ಪುಲಿಯನ್ನು ಎತ್ತಿಕೊಂಡು ಹೋದರು. ಆಮೇಲೆ ನಡೆದದ್ದನ್ನು ಅವರೇ ನಮಗೆ ಹೇಳಿದರು. ಸಂಜೆಯ ತಿರುಕ್ಕುರಳ್ ತರಗತಿ ನಿಲ್ಲಿಸಿದರು. ಮೊಮ್ಮಕ್ಕಳನ್ನು ಬರಬೇಡಿ ಎಂದರು. ಕೊನೆಯ ದಿನಗಳಲ್ಲಿ ಕಷ್ಟಪಡಬಾರದು ಎಂದು ಪುಲಿಯನ್ನು ನೆಲಕ್ಕೇ ಬಿಡಲಿಲ್ಲ. ಉಚ್ಚೆಗೆ ಎತ್ತಿಕೊಂಡೇ ಹೋಗುವುದು, ಗಂಜಿಯನ್ನು ಬೆರಳಿನಿಂದ ತಿನ್ನಿಸುವುದು, ಮಾತ್ರೆ ಒಂದನ್ನೂ ತಪ್ಪಿಸದಿರುವುದು. ನೆಕ್ಕಲು ಬಗ್ಗಿದರೆ ಗಲ್ಲ ಹಿಡಿದು ಮಾತಾಡಿಸುವುದು. ಅರಿಸಿನ, ವಿಭೂತಿ ಹಚ್ಚಲು ಬಂದ ಪಕ್ಕದ ಮನೆಯವರನ್ನು, ಸಾಯುವ ಜೀವವನ್ನು ಏಕೆ ಉರಿಸುತ್ತೀರಿ ಎಂದು ಬಾಗಿಲಿನಿಂದಲೇ ಕಳಿಸಿದರು. ಗಾಯಕ್ಕೆ ಬೇಕಾದದ್ದೆಲ್ಲ ಆಯಿತು, ಬೇಡದ್ದು ಒಂದೂ ಆಗಲಿಲ್ಲ. ಯಾವ ಮನೆಯವರೂ ಹೀಗೆ ನೋಡಿಕೊಂಡದ್ದನ್ನು ನಾನು ಕಂಡಿಲ್ಲ, ನನ್ನ ಅಚ್ಚುಕಟ್ಟಾದ ಸೂಚನೆಗಳನ್ನು ಚಾಚೂ ತಪ್ಪದೆ ಓದಿದವರೂ ಸೇರಿ.

ಗಾಯ ತೋರಿಸುವ ದಿನ ಅವರು ಇಸ್ತ್ರಿ ಮಾಡಿದ ಬಿಳಿ ವೇಷ್ಟಿಯಲ್ಲಿ ಬಂದರು. ಪುಲಿ ತಾನೇ ನಡೆದು ಬಂತು. ಅವರ ಕೈಯಲ್ಲಿ ಜರಿಯಂಚಿನ ಪೊನ್ನಾಡೈ ಇತ್ತು, ಈ ಊರಿನಲ್ಲಿ ಗೌರವಿಸಬೇಕಾದವರಿಗೆ ಹೊದಿಸುವ ಶಾಲು. ನಾನು ಕೈಗವಸು ಬಿಚ್ಚಿ ಮುಂದೆ ಬಂದೆ. ಅವರು ನನ್ನನ್ನು ದಾಟಿ ಹೋಗಿ ಸಿದ್ದರಾಜುವಿಗೆ ಹೊದಿಸಿದರು. ಎಲ್ಲ ವೈದ್ಯರೂ ಸಮಾಧಾನಕ್ಕೆ ಸುಳ್ಳು ಹೇಳುತ್ತಾರೆ, ಈ ತಂಬಿ ಒಬ್ಬನೇ ಸಾಯುತ್ತದೆ ಎಂಬ ನಿಜ ಹೇಳಿದ, ಅದಕ್ಕೇ ನಾನು ಅಷ್ಟು ನೋಡಿಕೊಂಡೆ, ಅದು ಉಳಿಯಿತು ಎಂದರು.

ಸಿದ್ದರಾಜು ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ಅವನಿಗೆ ಒಂದು ಅಕ್ಷರವೂ ಅರ್ಥವಾಗಿರಲಿಲ್ಲ. ನನಗೆ ಪೂರ್ತಿ ಅರ್ಥವಾಯಿತು, ಮತ್ತು ನಾನು ಸುಮ್ಮನಿರುವವಳಲ್ಲ. ಪದದ ಕನ್ನಡ ಅರ್ಥ, ತಮಿಳು ಅರ್ಥ, ಇವನ ಬಾಲದ ಚಾಳಿ, ಆಪರೇಷನ್ ಮಾಡಿದವಳು ನಾನು ಎಂಬುದು, ಎಲ್ಲವನ್ನೂ ಒಳ್ಳೆಯ ತಮಿಳಿನಲ್ಲಿ ಬಿಡಿಸಿ ಇಟ್ಟೆ. ಯಾವ ತೀರ್ಪುಗಾರನಾದರೂ ನನಗೇ ಬಹುಮಾನ ಕೊಡುತ್ತಿದ್ದ. ಮೇಷ್ಟರು ಪಾಠ ಕೇಳುವ ಹುಡುಗನ ಹಾಗೆ ಕಣ್ಣರಳಿಸಿ ಕೇಳಿದರು. ಅವರಿಗೆ ಬೇಸರವಾಗಲಿಲ್ಲ, ಪದ ಸಿಕ್ಕಿದ ಸಂತೋಷವಾಯಿತು. ಒಂದೇ ಸೊಲ್ಲು, ನಿಮ್ಮಲ್ಲಿ ಗಾಯ ಹೋಗುತ್ತದೆ, ನಮ್ಮಲ್ಲಿ ಜೀವ ಹೋಗುತ್ತದೆ ಎಂದು ತಮ್ಮಷ್ಟಕ್ಕೆ ಎರಡು ಸಲ ಹೇಳಿಕೊಂಡರು. ಆಮೇಲೆ ಬಗ್ಗಿ ಪುಲಿಯ ಹೊಟ್ಟೆ ನೋಡಿ, ನನ್ನ ಕಡೆ ತಿರುಗಿದರು.

“ತೈಚ್ಚದು ನೀಂಗಳಾಮ್ಮಾ? ತೆರಿಯವೇ ಇಲ್ಲಯೇ.”

ಹೊಲಿದದ್ದು ನೀವಾ, ಕಾಣಲೇ ಇಲ್ಲವಲ್ಲ. ಮೆಚ್ಚಿಯೇ ಹೇಳಿದರು. ಆ ಮೆಚ್ಚುಗೆ ನನ್ನೊಳಗೆ ಎಲ್ಲಿ ಹೋಗಿ ಕೂತಿತು ಎಂದು ನಾನು ಇವತ್ತಿಗೂ ತೋರಿಸಬಲ್ಲೆ.

ಶಾಲು ಸಿದ್ದರಾಜುವಿನದ್ದೇ ಆಯಿತು. ಅವನು ಅದನ್ನು ಮನೆಗೂ ಒಯ್ಯಲಿಲ್ಲ. ಅರಿವಳಿಕೆಯಿಂದ ಏಳುವ ಬೆಕ್ಕುಗಳು ಚಳಿಗೆ ನಡುಗುತ್ತವೆಂದು ಸುತ್ತಲು ಬಳಸಿದ. ನನಗೆ ಸಿಗದ ಪೊನ್ನಾಡೈ ಮೇಲೆ ಕೀಲ್ಪಾಕಿನ ಬೆಕ್ಕುಗಳೆಲ್ಲ ಉಚ್ಚೆ ಹೊಯ್ದವು.

ಟೇಬಲ್ಲಿನ ತೀರ್ಮಾನವೂ ಆ ತಿಂಗಳಲ್ಲೇ ಆಯಿತು. ಸಾರ್ ನಮ್ಮಿಬ್ಬರನ್ನೂ ಕರೆದು, ಕೈ ವಿನುತಾಳದ್ದು, ಟೇಬಲ್ ಅವಳಿಗೆ ಎಂದರು. ಸಿದ್ದರಾಜುವಿಗೆ ಚಿಕ್ಕ ಆಪರೇಷನ್‌ಗಳು, ಚೇತರಿಕೆಯ ವಾರ್ಡು, ಮನೆಗೆ ಕಳಿಸುವಾಗಿನ ಮಾತುಕತೆ. ನಾನು ಗೆದ್ದೆ. ಗೆದ್ದವಳಿಗೆ ಹೊಟ್ಟೆಕಿಚ್ಚು ನಿಲ್ಲಬೇಕು ಎಂದು ನೀವು ತರ್ಕಿಸಬಹುದು. ತರ್ಕ ಸರಿ, ಆದರೆ ನೀವು ಆ ವರಾಂಡದಲ್ಲಿ ಕೂತಿಲ್ಲ. ನಾನು ಗಂಟೆಗಟ್ಟಲೆ ನಿಂತು ಮೂತ್ರಕೋಶದ ಕಲ್ಲು ತೆಗೆದು ಹೊರಗೆ ಬಂದರೆ ಮನೆಯವರು ನನ್ನ ಭುಜದ ಹಿಂದೆ ನೋಡುತ್ತಾ ಕೇಳುತ್ತಿದ್ದದ್ದು ಒಂದೇ: ಆ ಅಣ್ಣ ಇಲ್ಲವಾ? ತೊಡೆಯ ಮುರಿತಕ್ಕೆ ಪ್ಲೇಟು ಕೂರಿಸಿದವಳು ನಾನು, ಆ ನಾಯಿ ಮೊದಲ ಹೆಜ್ಜೆ ಇಟ್ಟ ವಿಡಿಯೋ ಬರುತ್ತಿದ್ದದ್ದು ಅವನ ಫೋನಿಗೆ. ನೋಡಿ ಅಕ್ಕಾ ಎಂದು ಓಡಿಬಂದು ತೋರಿಸುತ್ತಿದ್ದ. ತೋರಿಸದೆ ಇದ್ದಿದ್ದರೆ ಅವನನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು.

ಹೀಗೆ ಆರು ವರ್ಷ. ಆಮೇಲೆ ಬೆಳಗ್ಗೆ ಕಾಫಿಯ ಲೋಟ ಹಿಡಿದರೆ ಬೆರಳು ಮಡಿಸಲಾಗದೆ ಹೋಯಿತು. ಮೊದಲು ಬೆಳಗ್ಗೆ ಮಾತ್ರ, ಆಮೇಲೆ ಮಧ್ಯಾಹ್ನದವರೆಗೆ. ಸಂಧಿವಾತ, ಈ ವಯಸ್ಸಿನಲ್ಲೂ ಬರುತ್ತದೆ ಎಂದರು ಮನುಷ್ಯರ ಡಾಕ್ಟರು. ಔಷಧಿಯಲ್ಲಿ ಹಿಡಿತಕ್ಕೆ ತರಬಹುದು, ಸೂಜಿಯ ಕೆಲಸ ಬಿಡುವುದು ಒಳ್ಳೆಯದು ಎಂದರು. ಎರಡನೆಯ ಅಭಿಪ್ರಾಯ ಕೇಳಿದೆ, ಮೂರನೆಯದು ಕೇಳಿದೆ. ಎದುರುಪಕ್ಷ ಎಲ್ಲ ಕಡೆಯೂ ಒಂದೇ ಮಾತಾಡಿತು.

ಒಂದು ಬೆಳಗ್ಗೆ ಅಲ್ಸೇಷನ್ ಒಂದರ ಹೊಟ್ಟೆ ಮುಚ್ಚುತ್ತಿದ್ದೆ. ಸಿದ್ದರಾಜು ಎದುರು ನಿಂತು ಸಹಾಯ ಮಾಡುತ್ತಿದ್ದ. ಸೂಜಿ ಹಿಡಿಯುವ ಇಕ್ಕಳ ಕಟಕ್ ಎಂದು ಬಿಗಿದುಕೊಳ್ಳುವುದು, ಹೆಬ್ಬೆರಳು ಒತ್ತಿದರೆ ಸಡಿಲವಾಗುವುದು ನಿಮಗೆ ಗೊತ್ತೇ ಇದೆ. ನನ್ನ ಹೆಬ್ಬೆರಳು ಒತ್ತಲಿಲ್ಲ. ಮತ್ತೆ ಪ್ರಯತ್ನಿಸಿದೆ. ಸೂಜಿ ಮಾಂಸದೊಳಗೆ, ಇಕ್ಕಳ ನನ್ನ ಕೈಯಲ್ಲಿ, ಎರಡೂ ಬಿಡಲೊಲ್ಲವು. ಸಿದ್ದರಾಜು ಕೈ ಚಾಚಿ ನನ್ನ ಬೆರಳುಗಳಿಂದ ಇಕ್ಕಳ ಬಿಡಿಸಿಕೊಂಡು ಉಳಿದದ್ದನ್ನು ಹೊಲಿದ. ನಾನು ನೋಡುತ್ತಿದ್ದದ್ದು ಅವನ ಹೆಬ್ಬೆರಳನ್ನು. ದಪ್ಪ, ಉಗುರಿನ ಸುತ್ತ ಕಚ್ಚಿಕೊಂಡ, ಒಂದಿಷ್ಟೂ ಚೆಂದವಿಲ್ಲದ ಹೆಬ್ಬೆರಳು. ಜಗತ್ತಿನಲ್ಲಿ ಅಷ್ಟು ಆಸೆಯಿಂದ ನಾನು ಇನ್ನೇನನ್ನೂ ನೋಡಿಲ್ಲ. ಮುಂದಿನ ವಾರ ಟೇಬಲ್ ಅವನದ್ದಾಯಿತು.

ಆಸ್ಪತ್ರೆಯಲ್ಲೇ ಉಳಿದು ಅವನು ಮಾಡುತ್ತಿದ್ದ ಮಾತುಕತೆಯ ಕೆಲಸ ಮಾಡು ಎಂದರು ಸಾರ್. ಬೇಡ ಎಂದೆ. ಈಗ ಮನೆಯಲ್ಲಿ ಕೂತು ಇದನ್ನು ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ.

ಹೋದ ಮಾವಿನ ಕಾಲದಲ್ಲಿ ನಮ್ಮ ವಡೆ ವಾಟೆ ನುಂಗಿತು. ವಡೆ ಎಂದರೆ ನಮ್ಮ ನಾಯಿ. ಬಣ್ಣ ನೋಡಿ ಅಮ್ಮ ಇಟ್ಟ ಹೆಸರು. ನಾನು ಓಡಿ ಬಾಯಿಗೆ ಕೈ ಹಾಕುವಷ್ಟರಲ್ಲಿ ಮಾವಿನ ವಾಟೆ ಒಳಗೆ ಹೋಗಿತ್ತು. ನೀರು ಕುಡಿದರೂ ವಾಂತಿ. ಕರುಳಿನಲ್ಲಿ ಸಿಕ್ಕಿಕೊಂಡಿದೆ, ತೆರೆಯಲೇಬೇಕು, ತಡಮಾಡಿದರೆ ಕರುಳು ಕೊಳೆಯುತ್ತದೆ ಎಂದು ಎಕ್ಸ್‌ರೇ ನೋಡುವ ಮೊದಲೇ ನನಗೆ ಗೊತ್ತಿತ್ತು. ಈ ಕೇಸು ನಾನು ಎಷ್ಟೋ ಸಲ ಮಾಡಿದ್ದೇನೆ. ಚೆನ್ನೈಯಲ್ಲಿ ಬೇರೆ ಸರ್ಜನ್ನರಿದ್ದಾರೆ. ಆಟೋದವನಿಗೆ ಕೀಲ್ಪಾಕ್ ಎಂದೆ.

ಸಿದ್ದರಾಜು ನನ್ನನ್ನು ಒಳಗೆ ಬಿಡಲಿಲ್ಲ. “ನೀವ್ ನಿಂತ್ಕಂಡ್ರ ನನ್ ಕೈ ನಡುಗ್ತದ ಕಣಕ್ಕಾ. ಆಚ ಕೂತ್ಕಳಿ.” ಹಾಗಾಗಿ ವರಾಂಡದ ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದಾಗ ಬಾಯಿಗೆ ಬಂದದ್ದು ವಡೆ ಹೇಗಿದೆ ಎಂಬುದು. ಯಾವ ದಾರ, ಎಷ್ಟು ಕರುಳು ಎಂದು ಕೇಳಬೇಕಾದವಳು ನಾನು. ಒಳಗೆ ವಡೆ ಜರಿಯಂಚು ಮಾಸಿದ ಪೊನ್ನಾಡೈ ಸುತ್ತಿಕೊಂಡು ಮಲಗಿತ್ತು. ಶಾಲು ಸರಿಸಿ ಹೊಟ್ಟೆ ನೋಡಿದೆ. ನೀಲಿ ಗಂಟು, ಎರಡು ಕಡೆ ಮೀಸೆ. ಇಷ್ಟು ವರ್ಷ ನನ್ನ ಪಕ್ಕದಲ್ಲಿ ನಿಂತೂ ಏನೂ ಕಲಿಯಲಿಲ್ಲ ಇವನು ಎಂದುಕೊಂಡೆ. ಹಾಗೆ ಅಂದುಕೊಂಡಾಗ ಒಂದು ಬಗೆಯ ನೆಮ್ಮದಿಯಾಯಿತು, ಸುಳ್ಳೇಕೆ ಹೇಳಲಿ.

ಮನೆಯಲ್ಲಿ ಆ ಗಂಟುಗಳು ನನ್ನನ್ನು ಕಾಡಿದವು. ವಡೆ ಮಗ್ಗುಲಾದರೆ ಕಾಣುತ್ತವೆ, ಬಾಲ ಆಡಿಸಿದರೆ ಅಲುಗುತ್ತವೆ. ಮಂಚ ಹತ್ತದಂತೆ ನಾನೇ ನೆಲದ ಮೇಲೆ ಚಾಪೆ ಹಾಕಿ ಮಲಗಿದೆ. ಮೆಟ್ಟಿಲು ಇಳಿಯುವಾಗ ಅಪ್ಪ ಎತ್ತಿಕೊಂಡರು. ಗಂಜಿ, ಮಾತ್ರೆ, ಕೋನ್, ಎಲ್ಲ ಹೊತ್ತುಹೊತ್ತಿಗೆ. ಕೋನ್ ಬಿಚ್ಚಲು ಹೋದ ಅಮ್ಮನ ಮೇಲೆ ರೇಗಿದೆ.

ಹೊಲಿಗೆ ಬಿಚ್ಚುವ ದಿನ ಸಿದ್ದರಾಜು ಕತ್ತರಿಯನ್ನು ನನ್ನ ಕೈಗೇ ಕೊಟ್ಟ. ಅಷ್ಟು ಮಾಡಬಲ್ಲೆ. ಮೊದಲ ಗಂಟು ಕತ್ತರಿಸಿ ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಅದು ಚರ್ಮದ ಮೇಲ್ಪದರವನ್ನಷ್ಟೇ ಹಿಡಿದಿತ್ತು, ಏನನ್ನೂ ಬಿಗಿದಿರಲಿಲ್ಲ. ಎರಡನೆಯದೂ ಹಾಗೇ. ಎಲ್ಲ ಕಿತ್ತ ಮೇಲೆ ಕೆಳಗೆ ಉಳಿದದ್ದು ಪೆನ್ಸಿಲಿನಿಂದ ಎಳೆದಂಥ ಗೆರೆ. ಆ ಗೆರೆಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ.

“ಏನೋ ಇದು?”

“ಒಳಗಿರದು ನಿಮ್ದು ಕಣಕ್ಕಾ. ನೋಡ್ಕಂಡ್ ನೋಡ್ಕಂಡ್ ಕಲ್ತೆ. ಮ್ಯಾಲಿನವು ಏನೂ ಹಿಡ್ಕಂಡಿಲ್ಲ. ನಿಮ್ಮನ್ನ ಹೆದರ್ಸಕ ಹಾಕಿದ್ದು.”

“ನನ್ನನ್ನಾ?”

“ಈಗ ನೀವೇ ತಾನೇ ಮನೆಯವ್ರು.”

ಪುಲಿಯ ದಿನವೇ ಇದು ನನಗೆ ಹೊಳೆಯಬೇಕಿತ್ತು. ಒಳಗೆ ನನ್ನ ಹೊಲಿಗೆ ಇತ್ತು, ಮೇಲೆ ಅವನು ಹುಟ್ಟಿಸಿದ ಭಯ ಇತ್ತು, ಎರಡೂ ಒಂದೇ ನಾಯಿಯ ಮೇಲೆ, ನನ್ನ ಕಣ್ಣೆದುರಿಗೇ. ನಾನು ಶಾಲು ಯಾರ ಹೆಗಲ ಮೇಲಿದೆ ಎಂದು ನೋಡುತ್ತಿದ್ದೆ. ಅವನು ನಾಯಿಯನ್ನು ನೋಡುತ್ತಿದ್ದ. ಅಷ್ಟು ಹೊತ್ತಿಗೆ ಕತ್ತರಿಯ ಬಳೆಯಲ್ಲಿ ನನ್ನ ಬೆರಳು ಸೆಟೆದುಕೊಂಡಿತ್ತು. ಅವನು ಆವತ್ತಿನ ಹಾಗೆಯೇ ಮೆಲ್ಲಗೆ ಬಿಡಿಸಿಕೊಂಡ.

“ಮಾಯ್ತದ ಬುಡಿ ಅಕ್ಕಾ.”

“ಯಾವ ಭಾಷೇಲಿ?” ಎಂದೆ.

ಅವನು ಕಿತ್ತ ನೀಲಿ ದಾರಗಳನ್ನು ಒಟ್ಟುಮಾಡಿ ಬುಟ್ಟಿಗೆ ಹಾಕಿದ. ವಡೆ ಟೇಬಲ್ಲಿನಿಂದ ಇಳಿದು ನನ್ನ ಕಡೆ ಒಮ್ಮೆ ನೋಡಿ ಅವನ ಕಾಲು ನೆಕ್ಕಲು ಹೋಯಿತು.

ಈಗ ಆ ಆಸ್ಪತ್ರೆಯಲ್ಲಿ ಎಲ್ಲ ಹೊಟ್ಟೆಗಳನ್ನೂ ಹಾಗೆಯೇ ಮುಚ್ಚುತ್ತಾರಂತೆ. ಹೊಸದಾಗಿ ಸೇರಿದವರು ಅದಕ್ಕೆ ಸಿದ್ದು ಗಂಟು ಎಂದು ಹೆಸರನ್ನೂ ಇಟ್ಟಿದ್ದಾರೆ. ನೀವು ಅಲ್ಲಿಗೆ ಹೋದರೆ ನಿಮಗೂ ಕಲಿಸುತ್ತಾರೆ. ಕಲಿಯಿರಿ, ಒಳ್ಳೆಯ ಪದ್ಧತಿ, ಇದಕ್ಕೆ ನನ್ನ ಬಳಿ ಖಂಡನೆ ಇಲ್ಲ. ಆದರೆ ಗಂಟುಗಳನ್ನೆಲ್ಲ ಬಿಚ್ಚಿದ ಮೇಲೆ ಒಂದು ಸಲ ಬಗ್ಗಿ ನೋಡಿ. ಅಲ್ಲಿ ಏನೂ ಕಾಣದಿದ್ದರೆ, ಅದು ನಾನು.